ಬಿರುಕಿನ ತುದಿ ನೋಡುವ ಕುರ್ಚಿ

ಪಿಂಗಾಣಿಯಲ್ಲಿ ಬಿರುಕು ಎಲ್ಲಿ ಮುಗಿಯಿತು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಶುರುವಾದ ಜಾಗ ಯಾರಿಗೂ ಕಾಣುತ್ತದೆ. ಮುಗಿಯುವ ಜಾಗ ಮಾತ್ರ ಕೂದಲಿಗಿಂತ ಸಣ್ಣಗಾಗಿ, ಇದೆಯೋ ಇಲ್ಲವೋ ಎಂಬಂತೆ ಮಾಯವಾಗಿರುತ್ತದೆ. ಅಲ್ಲಿ ಕಣ್ಣು ನಿಲ್ಲಿಸಿ 'ಇಲ್ಲಿಗೆ ಮುಗಿಯಿತು' ಎನ್ನಬೇಕು. ಬೆಳಿಗ್ಗೆ ಬಂಗಾರಪೇಟೆಯ ಮನೆಯಲ್ಲಿ ಹಾಲು ಕರೆದು, ಮುದ್ದೆ ತಿರುವಿಟ್ಟು, ದೇವರಿಗೆ ದೀಪ ಹಚ್ಚಿ, ರೈಲು ಹತ್ತಿ ಕೆ.ಜಿ.ಎಫ್.ಗೆ ಹೋಗಿ ಇಷ್ಟು ಹೇಳಿ ಸಂಜೆ ಬರುತ್ತಿದ್ದೆ. ಎಪ್ಪತ್ತರ ದಶಕದ ನಡುವಿನಿಂದ ತೊಂಬತ್ತರ ದಶಕದ ಕೊನೆಯವರೆಗೂ ಇದೇ.

ನಾದಿನಿಯ ಮಗಳು ಈಗ ಇಂಥದೇ ಒಂದು ಲ್ಯಾಬಿಗೆ ಸೇರಿದ್ದಾಳೆ. "ಅತ್ತೇ, ಕಂಪ್ಯೂಟರೇ ಇಲ್ದೆ ಆಗೆಲ್ಲಾ ಎಂಗ್ ಅಳೀತಿದ್ರಿ?" ಎಂದು ಕೇಳಿದಳು. ಅವಳಿಗಾಗಿ ಎಂದು ಬರೆಯಲು ಕೂತರೆ ಮೊದಲು ನೆನಪಾದದ್ದು ಯಂತ್ರವಲ್ಲ, ಜೊತೆಗೆ ಕೆಲಸ ಮಾಡಿದ ವಿಮಲ. ಹೊಟ್ಟೆಯಲ್ಲಿ ಹಳೆಯ ಉರಿ ಸಣ್ಣಗೆ ಎದ್ದಿತು. ಇಷ್ಟು ವರ್ಷವಾದರೂ ಆರಿಲ್ಲವಲ್ಲ! ಸರಿ, ಅದನ್ನು ಬಿಟ್ಟು ಬರೆದರೆ ಸುಳ್ಳು ಬರೆದಂತಾಗುತ್ತದೆ. ಸೇರಿಸಿಯೇ ಬರೆಯುತ್ತೇನೆ.

ನಮ್ಮದು ಮೈಸೂರು ಮೈನ್ಸ್ ಕಡೆ ಇದ್ದ ಸಣ್ಣ ಕಾರ್ಖಾನೆ. ಪಂಪುಗಳಿಗೆ, ಗಿರಣಿಗಳಿಗೆ ಬೇಕಾದ ಬಿಳಿ ಅಲ್ಯೂಮಿನಾ ಪಿಂಗಾಣಿಯ ಉಂಗುರ, ಬಿಲ್ಲೆ, ಕೊಳವೆ ಮಾಡುತ್ತಿದ್ದರು. ಕಬ್ಬಿಣದ ಮೇಲೆ ಗೀರು ಹಾಕುವಷ್ಟು ಗಡಸು ಪದಾರ್ಥ ಅದು. ಆದರೆ ಗಡಸು ಬೇರೆ, ತಾಳಿಕೆ ಬೇರೆ. ಅಡುಗೆಮನೆಯವಳು ನಾನು, ನನಗೆ ಇದು ಬೇಗ ಅರ್ಥವಾಯಿತು. ಪಿಂಗಾಣಿ ಜಾಡಿ ಎಷ್ಟೇ ಗಟ್ಟಿ ಇರಲಿ, ಬಾಯಿಯ ಹತ್ತಿರ ಒಂದು ಸಣ್ಣ ಸೀಳು ಬಿಟ್ಟಿತೋ, ಇನ್ನೊಂದು ದಿನ ಉಪ್ಪಿನಕಾಯಿ ಸಮೇತ ಎರಡು ಹೋಳು. ಸೀಳು ಇದ್ದೂ ಎಷ್ಟು ಹೊತ್ತು ತಾಳುತ್ತದೆ, ಎಷ್ಟು ಒತ್ತಡಕ್ಕೆ ಸೀಳು ಓಡುತ್ತದೆ ಎಂಬುದನ್ನು ಅಳೆಯುವುದೇ ನಮ್ಮ ಪರೀಕ್ಷೆ. ಪುಸ್ತಕದಲ್ಲಿ ಮುರಿತ ತಾಳಿಕೆ ಎಂದು ಬರೆಯುತ್ತಾರಂತೆ. ನಾವು ಟಫ್‌ನೆಸ್ ಎನ್ನುತ್ತಿದ್ದೆವು.

ನಾನು ಸೇರಿದಾಗ ಇದ್ಯಾವುದೂ ಇರಲಿಲ್ಲ. ಆಗಿನ ಮೇಲಧಿಕಾರಿ ಉಂಗುರವನ್ನು ದಾರದಲ್ಲಿ ತೂಗಿಹಾಕಿ, ಚಮಚದಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಠಣ್ ಎಂದರೆ ಪಾಸು, ಠಪ್ ಎಂದರೆ ಫೇಲು. ಅವರಿಗೆ ನೆಗಡಿಯಾದ ದಿನ ಎಲ್ಲವೂ ಫೇಲು. ಆಮೇಲೆ ಪಟ್ಟಿಗಳನ್ನು ಮುರಿಯುವ ಯಂತ್ರ ಬಂತು. ಬೆರಳುದ್ದದ ಅಲ್ಯೂಮಿನಾ ಪಟ್ಟಿಯ ಹೊಟ್ಟೆಗೆ ವಜ್ರದ ಪುಡಿ ಹಾಕಿದ ಗರಗಸದಿಂದ ಒಂದು ಗೀರು ಕೊಯ್ಯಬೇಕು. ಗೀರು ಕೆಳಗೆ ಬರುವಂತೆ ಇಟ್ಟು, ಮೇಲಿನಿಂದ ಒತ್ತಿ ಮುರಿಯಬೇಕು. ಎಷ್ಟು ಭಾರಕ್ಕೆ ಮುರಿಯಿತು ಎಂಬುದರಿಂದ ಲೆಕ್ಕ.

ಅದರಲ್ಲಿ ಒಂದು ಅವಾಂತರ ಆಯಿತು. ತೆಳು ಗರಗಸಗಳು ಪದೇ ಪದೇ ಮುರಿಯುತ್ತವೆಂದು ಸ್ಟೋರಿನವರು ದಪ್ಪ ಗರಗಸ ತರಿಸಿದರು. ಆ ವಾರದಿಂದ ನಮ್ಮ ಪದಾರ್ಥದ ತಾಳಿಕೆ ಏರತೊಡಗಿತು. ಮಣ್ಣು ಅದೇ, ಕುಲುಮೆ ಅದೇ, ಅಂಕಿ ಮಾತ್ರ ಮೇಲೆ. ಕುಲುಮೆಯವರು ತಮ್ಮಿಂದ ಎಂದರು, ಮಣ್ಣು ಕಲಸುವವರು ತಮ್ಮಿಂದ ಎಂದರು. ಲಾಡು ಹಂಚಿದರು, ನಾನೂ ತಿಂದೆ. ಬೆಂಗಳೂರಿನ ದೊಡ್ಡ ಲ್ಯಾಬೊಂದು ಅದೇ ಮಣ್ಣಿನ ಪಟ್ಟಿಗಳನ್ನು ತೆಳು ಗೀರು ಹಾಕಿ ಮುರಿದಾಗ ಏರಿದ್ದೆಲ್ಲ ಇಳಿಯಿತು. ಅಗಲ ಗೀರಿನ ತುದಿ ಮೊಂಡು. ಮೊಂಡು ಗೀರಿನಿಂದ ಬಿರುಕು ಹೊರಡುವುದು ಕಷ್ಟ. ನಾವು ಅಳೆದದ್ದು ಪಿಂಗಾಣಿಯ ಶಕ್ತಿಯನ್ನಲ್ಲ, ನಮ್ಮ ಗರಗಸದ ದಪ್ಪವನ್ನು. ಹೊಸದಾಗಿ ಸೇರುವ ಮಕ್ಕಳೇ, ಇದೊಂದನ್ನು ನೆನಪಿಟ್ಟುಕೊಳ್ಳಿ. ಅಂಕಿ ಚೆನ್ನಾಗಿ ಬಂದಾಗಲೇ ಹೆಚ್ಚು ಅನುಮಾನ ಪಡಬೇಕು.

ಎಂಬತ್ತರ ದಶಕದಲ್ಲಿ ವಜ್ರದ ಮೊನೆಯ ಯಂತ್ರ ಬಂತು. ಜೊತೆಗೆ ಶೇಷಗಿರಿ ಸಾರ್ ಬಂದರು. ಯಂತ್ರದ ಕೆಲಸ ಹೀಗೆ: ತುಂಡನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಬೇಕು. ವಜ್ರದ ಮೊನೆಯನ್ನು ಅದರ ಮೇಲೆ ಭಾರ ಹಾಕಿ ಒತ್ತಿ ತೆಗೆದರೆ ಸಣ್ಣ ಚೌಕದ ಗುರುತು ಬೀಳುತ್ತದೆ. ಚೌಕದ ನಾಲ್ಕು ಮೂಲೆಯಿಂದ ನಾಲ್ಕು ಬಿರುಕು ಹೊರಡುತ್ತವೆ, ಬಾಗಿಲ ಮುಂದೆ ಅವಸರದಲ್ಲಿ ಎಳೆದ ರಂಗೋಲಿಯ ಹಾಗೆ. ಆ ಬಿರುಕುಗಳ ಉದ್ದವನ್ನು ಸೂಕ್ಷ್ಮದರ್ಶಕದಲ್ಲಿ, ಗುಂಡಿ ತಿರುಗಿಸಿ ಗೆರೆಯನ್ನು ಬಿರುಕಿನ ತುದಿಗೆ ತಂದು ಅಳೆಯಬೇಕು. ಬಿರುಕು ಉದ್ದವಾದಷ್ಟೂ ತಾಳಿಕೆ ಕಡಿಮೆ.

ಸೂಕ್ಷ್ಮದರ್ಶಕದ ಮುಂದೆ ಒಂದು ಮರದ ಕುರ್ಚಿ ಇತ್ತು. ಕೈ ಇಲ್ಲದ, ಎತ್ತರದ ಕುರ್ಚಿ. ಅದರಲ್ಲಿ ಕೂರುವವರು ಹೇಳಿದ ಅಂಕಿಯೇ ಕಾರ್ಖಾನೆಯ ಅಂಕಿ. ಅದು ನನ್ನ ಕುರ್ಚಿಯಾಗಿತ್ತು. ಮನೆಯಲ್ಲಿ ನನ್ನ ಮಾತು ಉಪ್ಪು ಖಾರದ ವಿಷಯದಲ್ಲೂ ಪೂರ್ತಿ ನಡೆಯುತ್ತಿರಲಿಲ್ಲ. ಇಲ್ಲಿ ನಾನು 'ಇಷ್ಟು' ಎಂದರೆ ಅಷ್ಟೇ. ವೆಂಕಟರಮಣಸ್ವಾಮಿ ಕೊಟ್ಟ ಪ್ರಸಾದ ಅದು ಎಂದುಕೊಂಡಿದ್ದೆ.

ಆಗ ವಿಮಲ ಬಂದಳು.

ಉರಿಗಾಂನ ಗಣಿ ಲೈನು ಮನೆಯ ಹುಡುಗಿ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ. ನಾನು ರೈಲಿನಲ್ಲಿ ನಿಂತು ಬೆವರು ಸುರಿಸಿಕೊಂಡು ಬಂದರೆ ಅವಳು ಮನೆಯಿಂದ ನಡೆದು, ಮುಡಿದ ಹೂವು ಒಂದಿಷ್ಟೂ ಬಾಡದೆ ಬರುತ್ತಿದ್ದಳು. ಹಸು ಇಲ್ಲ, ಅತ್ತೆ ಇಲ್ಲ, ರೈಲು ತಪ್ಪುವ ಭಯ ಇಲ್ಲ. ಬಂದ ತಿಂಗಳೊಳಗೆ ತುಂಡು ಉಜ್ಜುವುದನ್ನು ನನಗಿಂತ ಚೆನ್ನಾಗಿ ಕಲಿತಳು. ಉಜ್ಜುವುದರಲ್ಲಿ ತಾನೆ, ಆಗಲಿ ಎಂದುಕೊಂಡೆ. ಆಮೇಲೆ ಶೇಷಗಿರಿ ಸಾರ್ "ವಿಮಲಾ, ನೀನೂ ಸ್ವಲ್ಪ ನೋಡೋದು ಕಲಿತ್ಕೋ" ಎಂದರು. ಅವಳು ನನ್ನ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚದೆ ಎರಡೂ ತೆರೆದುಕೊಂಡೇ ನೋಡಿ, "ಸಿಕ್ತು ಸಾರ್" ಎಂದಳು. ನನಗೆ ಒಂದು ಕಣ್ಣು ಮುಚ್ಚದೆ ಇವತ್ತಿಗೂ ಕಾಣುವುದಿಲ್ಲ.

ಅವತ್ತು ಸಂಜೆ ದೇವರ ಮುಂದೆ ಕೂತು, "ಸ್ವಾಮೀ, ಆ ಹುಡುಗೀಗೆ ಒಳ್ಳೇದು ಮಾಡು, ಬೇರೆ ಊರಲ್ಲಿ ಮಾಡು" ಎಂದು ಬೇಡಿಕೊಂಡೆ. ನಮ್ಮ ಯಜಮಾನರು ಪಡಸಾಲೆಯಿಂದ ಕೇಳಿಸಿಕೊಂಡು ನಕ್ಕರು. "ಏನೇ, ದ್ಯಾವ್ರಿಗೂ ಟ್ರಾನ್ಸ್‌ಫರ್ ಆರ್ಡರ್ ಕೊಡ್ತೀಯಾ?"

ಶೇಷಗಿರಿ ಸಾರ್ ಒಳ್ಳೆಯ ಮನುಷ್ಯರು. ಹಣೆಗೆ ವಿಭೂತಿ ಇಲ್ಲದೆ ಲ್ಯಾಬಿನ ಬಾಗಿಲು ದಾಟಿದವರಲ್ಲ. ಅವರ ಮೇಜಿನ ಎದುರಿನ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್, ಅದರಲ್ಲಿ ರಾಹುಕಾಲಕ್ಕೆ ಕೆಂಪು ಗೆರೆ. ಹಿಂದೆ ಯಾವಾಗಲೋ ರಾಹುಕಾಲದಲ್ಲಿ ಅಳೆದ ಒಂದು ಕಂತು ಪೂರ್ತಿ ವಾಪಸು ಬಂದಿತ್ತಂತೆ. ಅಂದಿನಿಂದ ಅವರದೊಂದು ನಿಯಮ. "ವಜ್ರ ಒತ್ತೋದು ಯಂತ್ರದ ಕೆಲಸ, ಅದನ್ನ ರಾಹುಕಾಲಕ್ಕೆ ಮುಂಚೆ ಮುಗಿಸಿಬಿಡಿ. ಅಂಕಿ ಹುಟ್ಟೋದು ನಮ್ಮ ಕಣ್ಣಲ್ಲಿ. ಅದು ರಾಹುಕಾಲದಲ್ಲಿ ಹುಟ್ಟೋದು ಬೇಡ" ಎನ್ನುತ್ತಿದ್ದರು. ಹಾಗಾಗಿ ಶುಕ್ರವಾರವಾದರೆ ಹತ್ತೂವರೆಗೆ ಮುಂಚೆ ಎಲ್ಲ ತುಂಡುಗಳಿಗೂ ವಜ್ರ ಒತ್ತಿ, ಹನ್ನೆರಡರವರೆಗೆ ಮುಂದಿನ ತುಂಡುಗಳನ್ನು ಉಜ್ಜುತ್ತಾ ಇದ್ದು, ಆಮೇಲೆ ಅಳತೆಗೆ ಕೂರುತ್ತಿದ್ದೆವು. ಸೋಮವಾರ ನಾವು ಬರುವಷ್ಟರಲ್ಲಿ ರಾಹುಕಾಲ ಮುಗಿಯುತ್ತಾ ಬಂದಿರುತ್ತಿತ್ತು, ಕಾಯುವ ಕೆಲಸವಿಲ್ಲ. ನನಗೆ ಈ ನಿಯಮ ಬಲು ಇಷ್ಟ. ಮನೆಯಲ್ಲಿ ಹಪ್ಪಳದ ಹಿಟ್ಟು ನಾದುವುದಕ್ಕೂ ಹೊತ್ತು ನೋಡುವವಳು ನಾನು.

ವಿಮಲ ಮಾತ್ರ ನಗುತ್ತಿದ್ದಳು. "ಎನ್ನಕ್ಕಾ ಇದು! ನಮ್ಮಪ್ಪ ಗಣಿ ಬಾಯಲ್ಲಿ ನಿಂತ್ಕೊಂಡು ರಾಹುಕಾಲ ಮುಗಿದ್‌ಮೇಲೆ ಇಳೀತೀನಿ ಅಂದಿದ್ರೆ ಅವತ್ತೇ ಮನೀಗ್ ಕಳ್ಸೋರು. ಸೈರನ್ ಕೂಗ್ತಾ, ಇಳೀಬೇಕು, ಅಷ್ಟೇ."

"ಇಳಿಯೋವಾಗ ದ್ಯಾವ್ರಿಗೆ ಕೈ ಮುಗೀತಿದ್ರಾ ಇಲ್ವಾ?"

"ಅದು ಮುಗೀತಿದ್ರು."

"ಮತ್ತೆ ಬಾಯ್ಮುಚ್ಕೊಂಡು ಉಜ್ಜು."

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಬೆಂಗಳೂರಿನ ಆ ದೊಡ್ಡ ಲ್ಯಾಬಿನವರು ಒಂದು ಹೊಸ ಕೆಲಸ ಹಚ್ಚಿದರು. ಒಂದೇ ಕುಲುಮೆಯಲ್ಲಿ ಸುಟ್ಟ, ಒಂದೇ ಮಣ್ಣಿನ ತುಂಡುಗಳನ್ನು ಬೇರೆ ಬೇರೆ ಊರಿನ ಲ್ಯಾಬುಗಳಿಗೆ ಹಂಚುವುದು. ಎಲ್ಲರೂ ಒಂದೇ ರೀತಿಯಲ್ಲಿ ಒತ್ತಿ, ಅಳೆದು ಕಳಿಸುವುದು. ಪದಾರ್ಥ ಒಂದೇ ಆದ್ದರಿಂದ ಅಂಕಿಗಳೂ ಹತ್ತಿರ ಹತ್ತಿರ ಬರಬೇಕು. ಯಾವ ಲ್ಯಾಬಿನದು ದೂರ ನಿಲ್ಲುತ್ತದೋ ಆ ಲ್ಯಾಬಿನಲ್ಲಿ ಏನೋ ತಪ್ಪಿದೆ. ತಪ್ಪು ತಿದ್ದಿಕೊಳ್ಳದಿದ್ದರೆ ಮುಂದಿನ ಸುತ್ತಿಗೆ ಅವರನ್ನು ಸೇರಿಸುವುದಿಲ್ಲ.

ಮೊದಲ ಸುತ್ತಿನಲ್ಲಿ ನಾನೂ ಅಳೆದೆ, ವಿಮಲಳೂ ಅಳೆದಳು. ಇಬ್ಬರ ಅಂಕಿಯನ್ನೂ ಕಳಿಸಿದರು. ಉತ್ತರ ಬಂದ ದಿನ ಶೇಷಗಿರಿ ಸಾರ್ ಕನ್ನಡಕ ಒರೆಸಿಕೊಂಡು ನಮ್ಮಿಬ್ಬರನ್ನೂ ಕರೆದರು.

"ವಿಮಲಾ, ನಿನ್ನದು ಎಲ್ಲರ ಜೊತೆ ಕೂತಿದೆ. ಜಯಮ್ಮಾ, ನಿಮ್ಮದು ಮಾತ್ರ ಕೆಳಗಿದೆ. ಬಿರುಕನ್ನ ಎಲ್ಲರಿಗಿಂತ ಉದ್ದ ಓದಿದ್ದೀರಿ. ಸೋಮವಾರದ್ದು ಪರವಾಗಿಲ್ಲ. ಮಿಕ್ಕ ದಿನದ್ದು ಸರಿ ಇಲ್ಲ. ಭಾನುವಾರ ರೆಸ್ಟ್ ಸಿಗತ್ತಲ್ಲ, ಅದಕ್ಕೇ ಸೋಮವಾರ ಕಣ್ಣು ಚುರುಕಾಗಿರತ್ತೇನೋ."

ಭಾನುವಾರ ರೆಸ್ಟಂತೆ! ಸಗಣಿ ಬಳಿದು, ವಾರದ ಬಟ್ಟೆ ಒಗೆದು, ನೆಂಟರಿಗೆ ಬೇಯಿಸಿ ಹಾಕಿ ಸೊಂಟ ಬಿದ್ದಿರುತ್ತಿತ್ತು.

"ಮುಂದಿನ ಸುತ್ತಿಗೆ ಒಬ್ಬರ ಅಂಕಿ ಮಾತ್ರ ಕಳಿಸಿ ಅಂದಿದ್ದಾರೆ. ಈ ಸಲ ಎಡವಿದ್ರೆ ನಮ್ಮನ್ನ ಕೈ ಬಿಡ್ತಾರೆ. ಇನ್ನೊಂದು ವಾರ ಇಬ್ರೂ ನೋಡಿ. ಆಮೇಲೆ ಕುರ್ಚೀಲಿ ಯಾರು ಕೂರಬೇಕು ಅಂತ ನಿರ್ಧಾರ ಮಾಡ್ತೀನಿ."

ಯಾರು ಕೂರುತ್ತಾರೆ ಎಂಬುದು ಅವರ ಮುಖದಲ್ಲೇ ಬರೆದಿತ್ತು. ಅವತ್ತು ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅಪರೂಪದ ಭಾಗ್ಯ. ಅದೂ ಬೇಡವೆನಿಸಿತು. ಕಣ್ಣು ಹೋಯಿತೇ ನನಗೆ? ಮನೆಗೆ ಬಂದು ಅಕ್ಕಿ ಆರಿಸಲು ಕೂತೆ. ಒಂದು ಕಲ್ಲೂ ತಪ್ಪಲಿಲ್ಲ. ಕಣ್ಣು ಸರಿ ಇದೆ. ಹಾಗಾದರೆ ಅವಳೇ ಏನೋ ಮಾಡುತ್ತಿದ್ದಾಳೆ.

ಮರುದಿನದಿಂದ ನಾನು ಬಿರುಕಿಗಿಂತ ಹೆಚ್ಚಾಗಿ ವಿಮಲಳನ್ನು ನೋಡತೊಡಗಿದೆ. ಶುಕ್ರವಾರ ಕಣ್ಣಿಗೆ ಬಿತ್ತು. ಹತ್ತೂವರೆಗೆ ಮುಂಚೆ ಇಬ್ಬರೂ ನಮ್ಮ ನಮ್ಮ ತುಂಡುಗಳಿಗೆ ವಜ್ರ ಒತ್ತಿದೆವು. ನಾನು ಉಜ್ಜುವ ಕೋಣೆಗೆ ಹೋದೆ. ಹನ್ನೆರಡು ದಾಟಿದ ಮೇಲೆ ಬಂದರೆ ವಿಮಲ ಕಿಟಕಿಯ ಹತ್ತಿರ ಕೂತು ಹಾಳೆಯ ಮೇಲೆ ಅಂಕಿ ಬರೆಯುತ್ತಿದ್ದಾಳೆ. ಸೂಕ್ಷ್ಮದರ್ಶಕದ ದೀಪ ಆರಿದೆ. ಮುಟ್ಟಿ ನೋಡಿದೆ, ಬಲ್ಬಿನ ಡಬ್ಬಿ ತಣ್ಣಗಿದೆ.

ನೋಡದೆ ಅಂಕಿ ಬರೆಯುತ್ತಿದ್ದಾಳೆ! ಬೆಂಗಳೂರಿನವರ ಅಂಕಿ ಎಷ್ಟೆಂದು ಗೊತ್ತಾಗಿದೆ, ಅದರ ಸುತ್ತಮುತ್ತ ಬರೆದು ಒಳ್ಳೆಯವಳಾಗಿದ್ದಾಳೆ. ನನ್ನ ಎದೆ ಹೊಡೆದುಕೊಂಡಿತು. ಸಂತೋಷದಿಂದಲೇ ಹೊಡೆದುಕೊಂಡಿತು, ಸುಳ್ಳೇಕೆ ಹೇಳಲಿ.

ಅವಳು ಊಟಕ್ಕೆ ಎದ್ದು ಹೋದದ್ದೇ ಅವಳ ತುಂಡನ್ನು ತೆಗೆದುಕೊಂಡು ಕೂತೆ. ಅವಳು ಒತ್ತಿದ ಗುರುತುಗಳನ್ನೇ ಒಂದೊಂದಾಗಿ ಅಳೆದೆ. ಪ್ರತಿಯೊಂದು ಬಿರುಕೂ ಅವಳು ಬರೆದದ್ದಕ್ಕಿಂತ ಉದ್ದ. ಇಷ್ಟಿಷ್ಟೇ, ಆದರೆ ಎಲ್ಲವೂ ಉದ್ದ. ಒಂದಾದರೂ ಗಿಡ್ಡ ಇಲ್ಲ. ತಂದಿದ್ದ ಚಿತ್ರಾನ್ನದ ಡಬ್ಬಿ ತೆರೆಯದೆ ನೇರವಾಗಿ ಶೇಷಗಿರಿ ಸಾರ್ ಮುಂದೆ ಹೋಗಿ ನಿಂತೆ.

"ಸಾರ್, ಅವ್ಳು ನೋಡ್ದೆ ಬರೀತಾವ್ಳೆ."

ಸಾರ್ ತಲೆ ಎತ್ತಿದರು. "ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯಾ ಜಯಮ್ಮಾ? ಇದು ಸಣ್ಣ ಮಾತಲ್ಲ. ನಿಜವಾದ್ರೆ ಆ ಹುಡುಗಿ ಕೆಲಸ ಹೋಗತ್ತೆ."

"ಬಂದು ನೋಡಿ ಸಾರ್. ತುಂಡು ಅಲ್ಲೇ ಐತೆ. ನಾನು ಅಲುಗಾಡ್ಸಿಲ್ಲ."

ವಿಮಲಳನ್ನು ಕರೆಸಿದರು. ಕೈ ತೊಳೆದ ನೀರು ಒರೆಸಿಕೊಳ್ಳುತ್ತಾ ಬಂದಳು. ವಿಷಯ ಕೇಳಿ ಮುಖ ಬಿಳುಪೇರಿತು. "ನಾನು ನೋಡೇ ಬರ್ದಿದ್ದು ಸಾರ್! ಅಮ್ಮನ ಮೇಲಾಣೆ!"

"ದೀಪ ತಣ್ಣಗಿತ್ತು" ಎಂದೆ ನಾನು.

"ಹನ್ನೆರಡ್‌ ಗಂಟೇಲಿ ನೋಡ್ಲಿಲ್ಲಕ್ಕಾ. ಒತ್ತಿದ್ ತಕ್ಷಣಾನೇ ನೋಡ್ದೆ. ನಂಗೆ ಕಾಯೋಕ್ ಆಗಲ್ಲ. ಅಂಕಿ ಮನಸ್ಸಲ್ಲಿ ಇಟ್ಕೊಂಡು, ರಾಹುಕಾಲ ಮುಗಿದ್‌ಮೇಲೆ ಬರ್ದೆ. ಸಾರ್ ಬೇಜಾರ್ ಮಾಡ್ಕೋತಾರೆ ಅಂತ ಏಳ್ಲಿಲ್ಲ. ಯಾವಾಗ್ಲೂ ಅಂಗೇ ಮಾಡೋದು."

ಶೇಷಗಿರಿ ಸಾರ್ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿ, ಮೆಲ್ಲಗೆ "ಶಿವ ಶಿವಾ" ಎಂದರು.

"ಸುಳ್ಳು ಸಾರ್" ಎಂದೆ. "ತಕ್ಷಣ ನೋಡಿದ್ರೂ ಆಮ್ಯಾಕ್ ನೋಡಿದ್ರೂ ಬಿರುಕು ಅದೇ ತಾನೇ? ಕಲ್ಲಿನಂಥಾದ್ದು, ಕೂತ್ ಜಾಗದಲ್ಲೇ ಉದ್ದ ಆಗ್ತೈತಾ?"

"ಕೂತ್ಕೋ ವಿಮಲಾ" ಎಂದರು ಸಾರ್. "ಈಗ ಓದು."

ಅವಳು ಕೂತು ಓದಿದಳು. ನಾನು ಓದಿದ ಅಂಕಿಯೇ ಬಂತು. ಅವಳೇ ತಬ್ಬಿಬ್ಬಾದಳು. ಮತ್ತೆ ಕಣ್ಣಿಟ್ಟಳು. "ಬೆಳಿಗ್ಗೆ ಇಷ್ಟಿರ್ಲಿಲ್ಲ ಸಾರ್. ದೇವ್ರಾಣೆ ಇರ್ಲಿಲ್ಲ." ಕಣ್ಣಲ್ಲಿ ನೀರು ತುಂಬಿ, ಅಳತೆಯ ಗುಂಡಿಯ ಮೇಲೆ ಒಂದು ಹನಿ ಬಿತ್ತು. ನಾನು ಗೆದ್ದೆ ಎಂದುಕೊಂಡೆ.

ಸಾರ್ ಅಷ್ಟಕ್ಕೆ ಬಿಡಲಿಲ್ಲ. ಅದೇ ತುಂಡಿನ ಖಾಲಿ ಜಾಗದಲ್ಲಿ ತಾವೇ ವಜ್ರ ಒತ್ತಿದರು. "ಜಯಮ್ಮಾ, ಮೊದಲು ನೀವು. ಅಂಕಿ ನನ್ನ ಕಿವೀಲಿ ಹೇಳಿ." ನಾನು ನೋಡಿದೆ. ಬಿರುಕು ಗಿಡ್ಡ. ವಿಮಲ ಬರೆದಿದ್ದ ಅಂಕಿಯ ಹತ್ತಿರ ಹತ್ತಿರ. ಹೇಳದೆ ವಿಧಿಯಿಲ್ಲ, ಹೇಳಿದೆ. ಅವಳೂ ನೋಡಿ ಹೇಳಿದಳು. ಇಬ್ಬರದೂ ಒಂದೇ.

ಆಮೇಲೆ ಮೂವರೂ ತುಂಡಿನ ಪಕ್ಕ ಕಾದು ಕೂತೆವು. ವಿಮಲ ಮೂಗೆಳೆಯುತ್ತಿದ್ದಳು. ನಾನು ಮನಸ್ಸಿನಲ್ಲೇ ವೆಂಕಟರಮಣನಿಗೆ ಹರಕೆ ಹೊರಲು ಹೋಗಿ, ಏನೆಂದು ಬೇಡಿಕೊಳ್ಳಬೇಕು ಎಂದು ತಿಳಿಯದೆ ಸುಮ್ಮನಾದೆ. ಬಿರುಕು ಬೆಳೆಯದಿದ್ದರೆ ಆ ಹುಡುಗಿಯ ಅನ್ನ ಹೋಗುತ್ತದೆ. ಬೆಳೆದರೆ ನನ್ನ ಕುರ್ಚಿ ಹೋಗುತ್ತದೆ.

ಒಂದು ರಾಹುಕಾಲದಷ್ಟು ಹೊತ್ತು ಕಳೆದ ಮೇಲೆ ಸಾರ್ ತಲೆಯಾಡಿಸಿದರು. ನೋಡಿದೆ. ಬಿರುಕು ಬೆಳೆದಿತ್ತು. ನಾವು ಮೂವರು ಪಕ್ಕದಲ್ಲೇ ಕೂತಿದ್ದಾಗ, ಯಾರೂ ಮುಟ್ಟದೆ, ಸದ್ದಿಲ್ಲದೆ ಆ ಗಟ್ಟಿ ಬಿಳಿ ಕಲ್ಲಿನೊಳಗೆ ನಡೆದುಹೋಗಿತ್ತು.

"ಬೆಳೆದೈತೆ ಸಾರ್" ಎಂದೆ.

ಮುಂದಿನ ವಾರ ಬೆಂಗಳೂರಿನ ಲ್ಯಾಬಿನಿಂದ ಒಬ್ಬ ವಿಜ್ಞಾನಿ ಬಂದರು. ತೆಳ್ಳಗೆ, ಎತ್ತರ, ಕಾಫಿ ಬೇಡ ನೀರು ಸಾಕು ಎನ್ನುವ ಜಾತಿ. ವಜ್ರ ಒತ್ತಿ ತೆಗೆದ ಮೇಲೂ ಗುರುತಿನ ಸುತ್ತ ಬಿಗಿತ ಉಳಿದಿರುತ್ತದೆ, ಗಾಳಿಯ ತೇವ ಬಿರುಕಿನ ತುದಿಗೆ ಇಳಿದು ಅಲ್ಲಿನ ಕಟ್ಟನ್ನು ಸಡಿಲಿಸುತ್ತದೆ, ಹಾಗಾಗಿ ಬಿರುಕು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ವಿವರಿಸಿದರು. ಒತ್ತುವ ಮೊದಲು ಒಂದು ಹನಿ ಎಣ್ಣೆ ಬಿಟ್ಟರೆ ತೇವ ತಡೆಯಬಹುದಂತೆ.

"ಇದು ನಮಗೆ ಗೊತ್ತಿದ್ದದ್ದೇ" ಎಂದರು. "ಆದರೆ ಒತ್ತಿದ ಎಷ್ಟು ಹೊತ್ತಿಗೆ ಅಳೀಬೇಕು ಅಂತ ಸೂಚನೇಲಿ ಬರೆದಿರಲಿಲ್ಲ. ಒತ್ತಿಟ್ಟು ಒಂದೂವರೆ ಗಂಟೆ ಯಾರಾದ್ರೂ ಕಾಯ್ತಾರೆ ಅಂತ ಯಾರಿಗೆ ಹೊಳೀಬೇಕು? ಯಾಕೆ ಕಾಯ್ತಿದ್ರಿ?"

ನಾವು ಮೂವರೂ ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಶೇಷಗಿರಿ ಸಾರ್ ಗಂಟಲು ಸರಿಮಾಡಿಕೊಂಡು, "ಕೆಲಸದ ಅನುಕೂಲಕ್ಕೆ" ಎಂದರು.

ಆ ವಿಜ್ಞಾನಿ ವಿಮಲಳ ಕಡೆ ತಿರುಗಿ, "ನೀವು ತಕ್ಷಣ ನೋಡಿದ್ದು ಒಳ್ಳೇದಾಯ್ತು. ನಿಮ್ಮಿಂದ ತಿಳೀತು" ಎಂದರು.

ಅವಳಿಂದ ತಿಳಿಯಿತಂತೆ! ಅವಳು ತಡೆಯಲಾರದೆ ಇಣುಕಿ ನೋಡಿದವಳು, ಅಷ್ಟೆ. ಹೊಟ್ಟೆಕಿಚ್ಚಿನಿಂದ ಊಟ ಬಿಟ್ಟು ಅದೇ ಗುರುತನ್ನು ಮತ್ತೊಮ್ಮೆ ಅಳೆದವಳು ನಾನು. ನಾನು ಅಳೆಯದಿದ್ದರೆ ಬಿರುಕು ಬೆಳೆಯುತ್ತದೆಂದು ನಮ್ಮ ಲ್ಯಾಬಿನಲ್ಲಿ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಇದನ್ನು ನಾನು ಅಂದು ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಇಂದು ಬರೆದಿಟ್ಟಿದ್ದೇನೆ.

ಶೇಷಗಿರಿ ಸಾರ್ ಪಂಚಾಂಗ ಬಿಡಲಿಲ್ಲ, ನಾನೂ ಬಿಡಲಿಲ್ಲ. ರಾಹುಕಾಲದಲ್ಲಿ ವಜ್ರವನ್ನೇ ಒತ್ತುವುದು ಬೇಡ ಎಂದು ನಿಯಮ ತಿರುಗಿಸಿದರು. ಒತ್ತಿದೆವೋ, ಕೂಡಲೇ ನೋಡಬೇಕು. ದೇವರಿಗೂ ಸರಿ, ಬೆಂಗಳೂರಿನವರಿಗೂ ಸರಿ. ಇಂಥ ಸಣ್ಣ ಕರುಣೆಗಳನ್ನು ನಾನು ಎಣಿಸುತ್ತಿರುತ್ತೇನೆ.

ಕುರ್ಚಿಯ ವಿಷಯದಲ್ಲಿ ಸಾರ್ ಮಾಡಿದ ತೀರ್ಮಾನ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಪ್ರತಿ ಗುರುತನ್ನೂ ಇಬ್ಬರೂ ನೋಡಬೇಕು, ಒಬ್ಬರ ಹಿಂದೆ ಒಬ್ಬರು. ಅಂಕಿಗಳನ್ನು ಒಬ್ಬರಿಗೊಬ್ಬರು ಹೇಳಬಾರದು. ಎರಡೂ ತಾಳೆಯಾಗದಿದ್ದರೆ ಹೊಸದಾಗಿ ಒತ್ತಿ ಮತ್ತೆ ನೋಡಬೇಕು. ತಾಳೆಯಾದ ಅಂಕಿಯೇ ಲ್ಯಾಬಿನದು. ಅವಳು ಎದ್ದ ಕುರ್ಚಿಯಲ್ಲಿ ನಾನು, ನಾನು ಎದ್ದದ್ದರಲ್ಲಿ ಅವಳು. ಕುರ್ಚಿ ತಣ್ಣಗಾಗುವಷ್ಟೂ ಬಿಡುವಿಲ್ಲ. ನಾನು ಕೂತರೆ ಅವಳ ಮಲ್ಲಿಗೆಯ ಉದುರಿದ ಎಸಳು. ಅವಳು ಕೂತರೆ, "ಅಕ್ಕಾ, ನಿಮ್ ಸೀರೇಗೆ ಅಂಟ್ಕೊಂಡಿದ್ ಹುಲ್ಲು" ಎಂದು ಎತ್ತಿ ತೋರಿಸುವಳು. ಕೊಟ್ಟಿಗೆಯಿಂದ ಬಂದವಳು ಎಂದು ಅಣಕ.

"ಹಾಲು ಬೇಕಾದ್ರೆ ಹುಲ್ಲೂ ಬೇಕಮ್ಮಾ" ಎನ್ನುತ್ತಿದ್ದೆ. "ನಾಳೆ ನಿನ್ ಕಾಫೀಗೆ ತರಲ್ಲ, ನೋಡ್ತಿರು."

ಮರುದಿನ ತರುತ್ತಿದ್ದೆ.

ಎರಡನೆಯ ಸುತ್ತಿನ ಉತ್ತರ ಬಂತು. ನಮ್ಮ ಲ್ಯಾಬು ಎಲ್ಲರ ಜೊತೆ ಕೂತಿತ್ತು. ಅಷ್ಟೇ ಅಲ್ಲ, ಎಲ್ಲರಿಗಿಂತ ನಮ್ಮ ಅಂಕಿಗಳೇ ಹೆಚ್ಚು ಒತ್ತಾಗಿದ್ದವು, ಚದುರಿರಲಿಲ್ಲ. ಹೇಗೆ ಸಾಧ್ಯವಾಯಿತು ಎಂದು ಫೋನಿನಲ್ಲಿ ಕೇಳಿದರಂತೆ. ಶೇಷಗಿರಿ ಸಾರ್ ನಮ್ಮೆದುರಿಗೇ ಹೇಳಿದರು: "ನಮ್ಮಲ್ಲಿ ಇಬ್ರು ಹೆಣ್ಮಕ್ಕಳಿದ್ದಾರೆ. ಒಬ್ರನ್ನೊಬ್ರು ಒಂದು ಚೂರೂ ನಂಬಲ್ಲ."

ಇದು ಹಲವು ವರ್ಷ ನಡೆಯಿತು. ನಾನು ಅವಳಿಗಿಂತ ಚೆನ್ನಾಗಿ ನೋಡಬೇಕೆಂದು ನೋಡಿದೆ, ಅವಳು ನನಗಿಂತ ಚೆನ್ನಾಗಿ. ನನ್ನ ಹೊಟ್ಟೆಕಿಚ್ಚು ಕಡಿಮೆಯಾಯಿತು ಎಂದು ಯಾರೂ ತಿಳಿಯಬೇಡಿ. ಅವಳಿಗೆ ಹೊಸ ಕೈಗಡಿಯಾರ ಬಂದರೆ ಉರಿಯಿತು. ಅವಳು ಮದುವೆಯಾದ ಗಂಡು ತಾನೇ ಕಾಫಿ ಮಾಡಿಕೊಳ್ಳುತ್ತಾನೆ ಎಂದು ಕೇಳಿ ಇನ್ನೂ ಉರಿಯಿತು. ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಚೆನ್ನಾಗಿರ್ತೈತಂತಾ, ಕಾಫಿ?" ಎಂದರು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಆ ಲ್ಯಾಬಿನವರು ವಿಮಲಳನ್ನು ಕರೆಸಿಕೊಂಡರು. ಅಲ್ಲಿ ಹೊಸ ಯಂತ್ರ, ಹೊಸ ರೀತಿ. ಗರಗಸದ ಗೀರೂ ಇಲ್ಲ, ಮೂಲೆಯ ಬಿರುಕೂ ಇಲ್ಲ. ಮೊದಲೇ ಚೂಪು ಬಿರುಕೊಂದನ್ನು ಬೆಳೆಸಿ, ಆಮೇಲೆ ಪಟ್ಟಿ ಮುರಿಯುವುದು. ದೇವರು ನನ್ನ ಹಳೆಯ ಬೇಡಿಕೆಯನ್ನು ನಡೆಸಿಕೊಟ್ಟ. ಒಳ್ಳೆಯದನ್ನೇ ಮಾಡಿದ, ಬೇರೆ ಊರಿನಲ್ಲಿ ಮಾಡಿದ. ಅವಳು ಹೊರಡುವ ದಿನ ಬಂಗಾರಪೇಟೆಯಲ್ಲಿ ರೈಲು ಬದಲಿಸಬೇಕಿತ್ತು. ಪ್ಲಾಟ್‌ಫಾರಮ್ಮಿಗೆ ಹೋಗಿ ಬುತ್ತಿ ಕೊಟ್ಟೆ.

"ಅಕ್ಕಾ, ಇನ್ನು ಕುರ್ಚಿ ಪೂರ್ತಿ ನಿಮ್ದೇ" ಎಂದಳು.

"ಊಂ. ಓಗಿ ಬಾ. ಅಲ್ಲೂ ಕದ್ದು ನೋಡ್‌ಬೇಡ."

ಕುರ್ಚಿ ಪೂರ್ತಿ ನನ್ನದಾಯಿತು. ಮೊದಲ ದಿನ ಒಂದು ಗುರುತು ಅಳೆದು ಅಂಕಿ ಬರೆದು ಅಭ್ಯಾಸಬಲದಿಂದ ಎದ್ದು ನಿಂತೆ. ಕೂರುವವರು ಯಾರೂ ಇರಲಿಲ್ಲ. ಮತ್ತೆ ಕೂತೆ. ನಾನು ಓದಿದ್ದೇ ಸರಿ, ಬೇಡ ಎನ್ನುವವರಿಲ್ಲ. ಇಷ್ಟಕ್ಕಾಗಿ ತಾನೇ ಒದ್ದಾಡಿದ್ದು? ಬಿರುಕಿನ ತುದಿ ಇಲ್ಲಿದೆಯೋ, ಇನ್ನೂ ಸ್ವಲ್ಪ ಆಚೆ ಇದೆಯೋ ಎಂದು ಹತ್ತು ಸಲ ಅನುಮಾನ ಬರತೊಡಗಿತು.

ನಾನು ನಿವೃತ್ತಳಾಗುವ ವರ್ಷ ಕೊನೆಯ ಸುತ್ತಿನ ತುಂಡುಗಳನ್ನು ತೆಗೆದುಕೊಂಡು ಬೆಂಗಳೂರಿನ ಲ್ಯಾಬಿನ ಪರವಾಗಿ ವಿಮಲಳೇ ಬಂದಳು. ಕನ್ನಡಕ ಬಂದಿತ್ತು. ನೋಡಿ ಸಮಾಧಾನವಾಯಿತು. ಆದರೆ ಅದೂ ಅವಳಿಗೆ ಒಪ್ಪುತ್ತಿತ್ತು.

ನಾನು ಒಂದು ಹನಿ ಎಣ್ಣೆ ಬಿಟ್ಟು, ವಜ್ರ ಒತ್ತಿ, ಕುರ್ಚಿಯಲ್ಲಿ ಕೂತು ಅಳೆದೆ. ಅವಳು ಹಿಂದೆ ನಿಂತಿದ್ದಳು.

"ನಾನೂ ನೋಡ್ಲಾ ಅಕ್ಕಾ?"

"ನಿಂತ್ಕೊಂಡೇ ಬಗ್ಗಿ ನೋಡು. ನಾನ್ ಏಳಲ್ಲ."

ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಗುಂಡಿ ತಿರುಗಿಸಿದಳು. ಇಬ್ಬರೂ ಅಂಕಿ ಹೇಳಿದೆವು. ಕೂದಲೆಳೆಯಷ್ಟು ವ್ಯತ್ಯಾಸ.

"ನಿಮ್ದು ಉದ್ದ ಆಯ್ತಕ್ಕಾ. ಅದು ಬಿರುಕಲ್ಲ, ಉಜ್ಜಿದ ಗೀರು."

"ನಿನ್ ಕನ್ನಡಕ ಒರ್ಸ್ಕೋ ಮೊದ್ಲು. ಗೀರಂತೆ! ಉಜ್ಜಿದ್ದು ನಾನು."

"ಅದಕ್ಕೇ ಅಂತಿರೋದು!"

ಹೊರಗೆ ಕೂತಿದ್ದ ಶೇಷಗಿರಿ ಸಾರ್, "ಶುರುವಾಯ್ತಾ?" ಎಂದು ಕೂಗಿದರು. ನಮ್ಮ ಜಗಳ ಮುಗಿಯಲಿಲ್ಲ. ಕೊನೆಗೆ ನಿಯಮದ ಪ್ರಕಾರ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಎಣ್ಣೆ ಬಿಟ್ಟು ವಜ್ರ ಒತ್ತಿದೆ. ಒತ್ತಿ, ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಈ ಸಲ ಕುರ್ಚಿಯಿಂದ ಎದ್ದೆ. ಸೆರಗಿನಿಂದ ಕುರ್ಚಿಯನ್ನು ಒರೆಸಿ, "ಕೂತ್ಕೋ, ಮೊದ್ಲು ನೀನೇ ನೋಡು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಕ್ಕನಿಗೆ ವಯಸ್ಸಾಯಿತು, ಮನಸ್ಸು ಮೆತ್ತಗಾಯಿತು ಎಂದುಕೊಂಡಳೋ ಏನೋ, ಕಣ್ಣು ತುಂಬಿಕೊಂಡು ಕೂತಳು. ನಾನು ಅವಳ ಬೆನ್ನಿಗೆ ಒತ್ತಿ ನಿಂತು, ಅವಳ ಬೆರಳು ಗುಂಡಿಯನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ನೋಡತೊಡಗಿದೆ.